ಉಯಿಲಿನಲ್ಲಿ ಬಂದ ಹರಿವಾಣ: ಮಾನಿಸೆಸ್ ಲಸ್ಟರ್ ಪಾತ್ರೆಯೊಂದರ ಸಾಚಾತನದ ಪ್ರಕರಣ

ಯುರೋಪಿನ ಒಂದು ಸಣ್ಣ ಊರಿನ ನಗರಸಭೆ ನಡೆಸುವ ವಸ್ತುಸಂಗ್ರಹಾಲಯದಲ್ಲಿ ಬಹುಕಾಲದಿಂದ ಗಾಜಿನ ಕಪಾಟಿನಲ್ಲಿದ್ದ, ಸ್ಪೇನಿನ ಮಾನಿಸೆಸ್ ಊರಿನದೆಂದು ನಂಬಲಾಗಿದ್ದ, ಲಸ್ಟರ್ ಎಂಬ ಲೋಹದಂಥ ಹೊಳಪಿನ ಚಿತ್ರವಿರುವ ಮಣ್ಣಿನ ಹರಿವಾಣವೊಂದನ್ನು ದೊಡ್ಡ ಸಂಸ್ಥೆಯೊಂದು ತನ್ನ ಪ್ರದರ್ಶನಕ್ಕಾಗಿ ಎರವಲು ಕೇಳಿತು. ಹಾಗೆ ಎರವಲು ಕೊಡುವ ಮುನ್ನ ಸಿದ್ಧಪಡಿಸಬೇಕಾದ ಸ್ಥಿತಿವರದಿಯಿಂದ ಈ ಪ್ರಕರಣ ಶುರುವಾಯಿತು. ವರದಿ ಬರೆಯಲು ಕುಳಿತವರಿಗೆ ಪಾತ್ರೆ ಸಾಚಾ ಅಲ್ಲವೆಂಬ ಗುಮಾನಿ ಹುಟ್ಟಿತು. ಮೊದಲ ಸುತ್ತಿನ ಎರಡು ಪರೀಕ್ಷೆಗಳು ಆ ಗುಮಾನಿಯನ್ನು ಗಟ್ಟಿ ಮಾಡಿದವು. ನಂತರ ನಡೆದ ಪರೀಕ್ಷೆಗಳು ಅದನ್ನು ಅರ್ಧಕ್ಕೆ ಮುರಿದವು. ಊರು, ಸಂಸ್ಥೆ, ದಾನಿಯ ಮನೆತನ ಮತ್ತು ಪರೀಕ್ಷಿಸಿದವರು ಯಾರೆಂದು ತಿಳಿಯುವಂಥ ವಿವರಗಳನ್ನು ಇಲ್ಲಿ ಬಿಡಲಾಗಿದೆ; ಪಾತ್ರೆಯ ಮೇಲಿನ ಲಾಂಛನದ ಚಿತ್ರವನ್ನೂ ಬೇಕೆಂದೇ ಬದಲಿಸಲಾಗಿದೆ. ಯಾವ ಹೊತ್ತಿನಲ್ಲಿ ಯಾವ ನಿರ್ಧಾರವನ್ನು ಏಕೆ ತೆಗೆದುಕೊಂಡರು ಎಂಬ ಭಾಗ ಮಾತ್ರ ಇದ್ದಂತೆಯೇ ಇದೆ.

ಹಿನ್ನೆಲೆ

ಹರಿವಾಣದ ಅಗಲ ಸುಮಾರು ಒಂದೂವರೆ ಅಡಿ. ಕೆನೆಬಿಳಿಯ ಮೆರುಗಿನ (ಗಾಜಿನಂಥ ಲೇಪದ) ಮೇಲೆ ಒಂದು ಎಲೆ ನೀಲಿ, ಮುಂದಿನದು ಹೊಂಬಣ್ಣ ಎಂಬಂತೆ ಬಳ್ಳಿಯೆಲೆಗಳು ಅಂಚಿನಿಂದ ನಡುವಿನತ್ತ ಸುತ್ತುಸುತ್ತಾಗಿ ಇಳಿಯುತ್ತವೆ. ನಟ್ಟನಡುವೆ ಗುರಾಣಿಯಾಕಾರದ ಚೌಕಟ್ಟು, ಅದರೊಳಗೆ ಹಿಂಗಾಲಿನ ಮೇಲೆ ಎದ್ದು ನಿಂತ ಸಿಂಹ. ಹಿಂಬದಿಯಲ್ಲಿ ಹೊಂಬಣ್ಣದ ವೃತ್ತಗಳೂ ಜರೀಗಿಡದ ಎಲೆಯಂಥ ಗೆರೆಗಳೂ ಇವೆ. ಅಂಚಿನಲ್ಲಿ, ಗೋಡೆಗೆ ತೂಗುಹಾಕಲು ದಾರ ಪೋಣಿಸುವುದಕ್ಕೆಂದು, ಒಂದರ ಪಕ್ಕ ಒಂದರಂತೆ ಎರಡು ತೂತುಗಳಿವೆ. 20ನೇ ಶತಮಾನದ ಮಧ್ಯದಲ್ಲಿ ಸ್ಥಳೀಯ ಶ್ರೀಮಂತರೊಬ್ಬರ ಉಯಿಲಿನ ಮೂಲಕ ಬಂದ ಈ ಪಾತ್ರೆಯನ್ನು ದಾಖಲೆಪುಸ್ತಕದಲ್ಲಿ ‘ಮಾನಿಸೆಸ್, 15ನೇ ಶತಮಾನದ ನಡುಭಾಗ, ಇಟಲಿಯ ಮನೆತನವೊಂದಕ್ಕಾಗಿ ಮಾಡಿದ್ದು, ದುರಸ್ತಿ: ಇಲ್ಲ’ ಎಂದು ಬರೆದುಕೊಳ್ಳಲಾಗಿತ್ತು. ಈ ಒಂದು ಸಾಲಿನಲ್ಲಿದ್ದ ನಾಲ್ಕು ಹೇಳಿಕೆಗಳಲ್ಲಿ ಯಾವುದನ್ನೂ ಯಾರೂ ಬಿಡಿಯಾಗಿ ಪರಿಶೀಲಿಸಿರಲಿಲ್ಲ.

ಆ ಸಾಲು ನಂಬಲರ್ಹವಾಗಿ ಕಾಣುವುದಕ್ಕೆ ಚರಿತ್ರೆಯ ಬೆಂಬಲ ಬೇಕಾದಷ್ಟಿತ್ತು. 9ನೇ ಶತಮಾನದ ಇರಾಕಿನಲ್ಲಿ ಮಣ್ಣಿನ ಪಾತ್ರೆಗಳ ಮೇಲೆ ಮೊದಲು ಕಾಣಿಸಿಕೊಂಡ ಲಸ್ಟರ್ ವಿದ್ಯೆ, ಫಾತಿಮಿ ಅರಸರ ಈಜಿಪ್ಟ್, ಸಿರಿಯಾ ಮತ್ತು ಇರಾನಿನ ಕಾಶಾನ್‌ಗಳಲ್ಲಿ ಬೆಳೆದು, 13ನೇ ಶತಮಾನದ ಹೊತ್ತಿಗೆ ದಕ್ಷಿಣ ಸ್ಪೇನಿನ ಮಾಲಗಾದಲ್ಲಿ ನೆಲೆಯೂರಿತ್ತು. 14ನೇ ಶತಮಾನದ ನಡುವಿನಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಇಬ್ನ್ ಬತೂತಾ, ಮಾಲಗಾದ ಹೊನ್ನಿನ ಪಾತ್ರೆಗಳು ದೂರದೂರದ ನಾಡುಗಳಿಗೆ ಹೋಗುತ್ತವೆ ಎಂದು ದಾಖಲಿಸಿದ್ದಾನೆ. ಅದೇ ಶತಮಾನದಲ್ಲಿ ಕಸುಬು ವೆಲೆನ್ಸಿಯಾ ನಗರದ ಮಗ್ಗುಲಿನ ಮಾನಿಸೆಸ್ ಮತ್ತು ಪತೆರ್ನಾ ಎಂಬ ಊರುಗಳಲ್ಲಿ ಬೇರೂರಿತು. ಕ್ರೈಸ್ತ ದೊರೆಗಳ ಆಳ್ವಿಕೆಯಡಿ ಉಳಿದಿದ್ದ ಮುಸ್ಲಿಂ ಕುಂಬಾರರು ಅದನ್ನು ನಡೆಸಿದರು; ಮಾನಿಸೆಸ್‌ನ ಒಡೆತನ ಹೊಂದಿದ್ದ ಬುಯ್ಲ್ ಮನೆತನ ಅದಕ್ಕೆ ಗಿರಾಕಿಗಳನ್ನು ಹುಡುಕಿತು ಮತ್ತು ಮಾರಾಟದಲ್ಲಿ ತನ್ನ ಪಾಲು ಪಡೆಯಿತು. 1362ರಲ್ಲಿ ಅವಿಗ್ನಾನ್‌ನ ಕಾರ್ಡಿನಲ್ ಒಬ್ಬರಿಗಾಗಿ ನೆಲಹಾಸಿನ ಬಿಲ್ಲೆಗಳನ್ನು ಮಾಡಿಕೊಡಲು ಮಾನಿಸೆಸ್ ಕುಂಬಾರರೊಂದಿಗೆ ಕರಾರಾಯಿತು. 1454ರಲ್ಲಿ ಅರಾಗಾನಿನ ರಾಣಿ ಮರಿಯಾ ಅದೇ ಬುಯ್ಲ್ ಮನೆತನದವರಿಗೆ ಪತ್ರ ಬರೆದು ಹೊನ್ನಿನ ಹೊಳಪಿನ ಊಟದ ಪಾತ್ರೆಗಳನ್ನು ತರಿಸಿಕೊಂಡಳು.

ಇಟಲಿಯ ಗಿರಾಕಿಗಳ ಕಥೆಯೂ ಕಟ್ಟುಕಥೆಯಲ್ಲ. ಫ್ಲಾರೆನ್ಸಿನ ವರ್ತಕರು ತಮ್ಮ ವಂಶಲಾಂಛನದ ಚಿತ್ರವನ್ನು ವೆಲೆನ್ಸಿಯಾಕ್ಕೆ ಕಳಿಸಿ, ಅದನ್ನು ನಡುವೆ ಬರೆಸಿದ ಹರಿವಾಣಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಮೆದಿಚಿ ಲಾಂಛನವಿರುವ, ರೆಕ್ಕೆಯಂಥ ಹಿಡಿಗಳುಳ್ಳ ಜಾಡಿಯೊಂದು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಹ್ಯೂಗೊ ವಾನ್ ಡರ್ ಗೋಸ್ 1475ರ ಸುಮಾರಿಗೆ ಪೋರ್ತಿನಾರಿ ಮನೆತನಕ್ಕಾಗಿ ಬರೆದ, ಈಗ ಉಫಿಜಿ ಗ್ಯಾಲರಿಯಲ್ಲಿರುವ ಪೂಜಾಫಲಕದ ಮುಂಭಾಗದಲ್ಲಿ ಲಿಲ್ಲಿ ಹೂಗಳನ್ನಿಟ್ಟಿರುವ ಔಷಧದ ಜಾಡಿಯ ಮೇಲೂ ನಮ್ಮ ಹರಿವಾಣದಲ್ಲಿರುವಂಥದೇ ಬಳ್ಳಿಯೆಲೆಗಳಿವೆ. ಹೀಗಾಗಿ ಎಲೆಯ ವಿನ್ಯಾಸಕ್ಕೆ 15ನೇ ಶತಮಾನವೆಂದು ಹೇಳಲು ಗಟ್ಟಿಯಾದ ಹೊರಗಿನ ಸಾಕ್ಷ್ಯವಿದೆ. ಆದರೆ ವಿನ್ಯಾಸಕ್ಕೆ ಸಾಕ್ಷ್ಯ ಸಿಕ್ಕಿದ ಮಾತ್ರಕ್ಕೆ ಆ ವಿನ್ಯಾಸವನ್ನು ಹೊತ್ತ ಪಾತ್ರೆಗೂ ಸಾಕ್ಷ್ಯ ಸಿಕ್ಕಿದಂತಾಗುವುದಿಲ್ಲ. ಸಂಗ್ರಹಾಲಯದ ಹಳೆಯ ಕಡತಗಳಲ್ಲಿ ಈ ಎರಡೂ ಒಂದೇ ಎಂಬಂತೆ ಕಲಸಿಹೋಗಿದ್ದವು.

ಪರೀಕ್ಷೆಗಳು ಯಾವುದನ್ನು ಹುಡುಕುತ್ತಿದ್ದವು ಎಂದು ತಿಳಿಯಲು ಕಸುಬಿನ ಬಗೆಯನ್ನು ಸ್ವಲ್ಪ ವಿವರಿಸಬೇಕು. ಲಸ್ಟರ್‌ನಲ್ಲಿ ಚಿನ್ನವೇ ಇಲ್ಲ. ಒಮ್ಮೆ ಸುಟ್ಟ ಪಾತ್ರೆಗೆ ಸೀಸ ಮತ್ತು ತವರದ ಬಿಳಿ ಮೆರುಗನ್ನು ಕೊಟ್ಟು, ಕೋಬಾಲ್ಟಿನ ನೀಲಿಯಲ್ಲಿ ಚಿತ್ರ ಬರೆದು, ಎರಡನೆಯ ಸಲ ಸುಡುತ್ತಾರೆ. ಬಳಿಕ ಬೆಳ್ಳಿ ಮತ್ತು ತಾಮ್ರದ ಸಂಯುಕ್ತಗಳನ್ನು ಕಾವಿಮಣ್ಣು ಹಾಗೂ ವಿನೆಗರ್‌ನೊಂದಿಗೆ ಅರೆದ ಬಣ್ಣದಿಂದ ಉಳಿದ ಚಿತ್ರವನ್ನು ತುಂಬಿ, ಮೂರನೆಯ ಸಲ, ಸುಮಾರು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಗ್ಗಿದ ಶಾಖದಲ್ಲಿ, ಗಾಳಿಯನ್ನು ಕಡಿಮೆ ಮಾಡಿ ಹೊಗೆ ತುಂಬಿಸಿದ ಆವಿಗೆಯಲ್ಲಿ ಸುಡುತ್ತಾರೆ. ಬೆಳ್ಳಿ ತಾಮ್ರಗಳ ಅಯಾನುಗಳು ಮೆರುಗಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಜಾಗವನ್ನು ಹಿಡಿದು, ಆ ಹೊಗೆಯಲ್ಲಿ ಲೋಹದ ಅತಿಸೂಕ್ಷ್ಮ ಕಣಗಳಾಗುತ್ತವೆ. ಆವಿಗೆಯಿಂದ ಹೊರಬಂದಾಗ ಪಾತ್ರೆಯ ಮೇಲೆ ಮಸಿಹಿಡಿದ ಮಣ್ಣಷ್ಟೇ ಕಾಣುತ್ತದೆ; ಅದನ್ನು ಉಜ್ಜಿ ತೆಗೆದ ಮೇಲೆ ಹೊಳಪು ಹೊರಬೀಳುತ್ತದೆ. ಈ ಲೋಹಕಣಗಳ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಬೆಳ್ಳಿ ಹೆಚ್ಚಿದ್ದರೆ ಹೊಳಪು ಹಳದಿಯತ್ತ, ತಾಮ್ರ ಹೆಚ್ಚಿದ್ದರೆ ಕೆಂಪಿನತ್ತ ವಾಲುತ್ತದೆ. 1585ರಲ್ಲಿ ದೊರೆ ಎರಡನೆಯ ಫಿಲಿಪನ ಪರಿವಾರದೊಂದಿಗೆ ಅರಾಗಾನಿನ ಮುಯೆಲ್ ಎಂಬ ಊರಿನ ಮೂಲಕ ಹಾದುಹೋದ ಹೆನ್ರಿಕ್ ಕಾಕ್, ಅಲ್ಲಿನ ಕುಂಬಾರರು ಬೆಳ್ಳಿ, ಇಂಗಲೀಕ ಮತ್ತು ಕಾವಿಯನ್ನು ಖಾರವಾದ ವಿನೆಗರ್‌ನಲ್ಲಿ ಕಲಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹೊಗೆಯ ಹದ ತಪ್ಪಿದರೆ ಎಲ್ಲವೂ ಹಾಳು. ಇಟಲಿಯ ಲಸ್ಟರ್ ಕಸುಬಿನ ಬಗ್ಗೆ 16ನೇ ಶತಮಾನದ ಮಧ್ಯದಲ್ಲಿ ಬರೆದ ಚಿಪ್ರಿಯಾನೊ ಪಿಕೊಲ್ಪಾಸೊ, ನೂರು ಪಾತ್ರೆಗಳಲ್ಲಿ ಆರು ಚೆನ್ನಾಗಿ ಬಂದರೆ ಹೆಚ್ಚು ಎನ್ನುತ್ತಾನೆ.

ಗುಮಾನಿ

ಎರವಲು ಕೇಳಿದ ಸಂಸ್ಥೆಯಿಂದ ಬಂದ ತಜ್ಞರು ಕಪಾಟಿನ ಮುಂದೆ ನಿಂತು ಎತ್ತಿದ ಆಕ್ಷೇಪಗಳು ಎರಡು. ಸಿಂಹ ನೋಡುವವರ ಬಲಕ್ಕೆ ಮುಖ ಮಾಡಿತ್ತು. ಯುರೋಪಿನ ಲಾಂಛನಶಾಸ್ತ್ರದ ವಾಡಿಕೆಯಂತೆ ಗುರಾಣಿಯ ಮೇಲಿನ ಪ್ರಾಣಿ ನೋಡುವವರ ಎಡಕ್ಕೆ ಮುಖ ಮಾಡಬೇಕು. ಜೊತೆಗೆ ಗುರಾಣಿಯ ಸುತ್ತಲಿನ ಹೊಳಪು ಅಂಚಿನ ಹೊಳಪಿಗಿಂತ ಹೆಚ್ಚು ಕೆಂಪಾಗಿತ್ತು. ಮೊದಲನೆಯ ಆಕ್ಷೇಪಕ್ಕೆ ಅಷ್ಟೇನೂ ತೂಕವಿರಲಿಲ್ಲ, ಏಕೆಂದರೆ ಮಾನಿಸೆಸ್‌ನ ಕುಂಬಾರರು ಕಾಗದದ ಮೇಲಿನ ಚಿತ್ರ ನೋಡಿ ತಮಗೆ ಪರಿಚಯವಿಲ್ಲದ ಲಾಂಛನಗಳನ್ನು ಬರೆಯುವಾಗ ಅವನ್ನು ಎಷ್ಟೋ ಸಲ ಅಸ್ತವ್ಯಸ್ತ ಮಾಡಿದ್ದಾರೆ. ಸಾಚಾ ಪಾತ್ರೆಗಳ ಮೇಲಿನ ಗುರಾಣಿ ಯಾವ ಮನೆತನದ್ದೆಂದು ಗುರುತಿಸುವುದು ಕಷ್ಟವಾಗುವುದೂ ಇದರಿಂದಲೇ. ಎರಡನೆಯ ಆಕ್ಷೇಪ ಹಾಗೆ ತಳ್ಳಿಹಾಕುವಂಥದಾಗಿರಲಿಲ್ಲ. ಆವಿಗೆಯಲ್ಲಿ ಹೊಗೆ ಎಲ್ಲ ಕಡೆಗೂ ಸಮನಾಗಿ ಹರಡದೆ ಒಂದೇ ಪಾತ್ರೆಯ ಒಂದು ಮಗ್ಗುಲು ಕೆಂಪೇರುವುದುಂಟು. ಆದರೆ ಆ ಕೆಂಪು ಗಾಳಿ ಬೀಸಿದ ದಿಕ್ಕಿಗೆ ವಾಲಿಕೊಂಡು ಹರಡಬೇಕೇ ಹೊರತು ನಡುವಿನ ಸುತ್ತ ದುಂಡಗೆ ನಿಲ್ಲುವುದಿಲ್ಲ.

ಇದಕ್ಕೆ ಹಿನ್ನೆಲೆಯಾಗಿ 19ನೇ ಶತಮಾನದ ಮಾರುಕಟ್ಟೆಯನ್ನೂ ನೆನೆಯಬೇಕು. ಆ ಶತಮಾನದ ಉತ್ತರಾರ್ಧದಲ್ಲಿ ಲಸ್ಟರ್ ಪಾತ್ರೆಗಳಿಗೆ ಶ್ರೀಮಂತ ಸಂಗ್ರಾಹಕರಿಂದ ಬೇಡಿಕೆ ಏರಿತು, ಲಾಂಛನವಿದ್ದ ಹರಿವಾಣಗಳಿಗಂತೂ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದೇ ಹೊತ್ತಿಗೆ ಮರೆತುಹೋಗುವಂತಿದ್ದ ವಿದ್ಯೆಯನ್ನು ಹಲವು ಕಡೆ ಮತ್ತೆ ಕೈಗೆ ತಂದುಕೊಂಡಿದ್ದರು: ಇಂಗ್ಲೆಂಡಿನಲ್ಲಿ ವಿಲಿಯಂ ಡಿ ಮಾರ್ಗನ್, ಫ್ಲಾರೆನ್ಸಿನಲ್ಲಿ ಕಾಂತಗಾಲಿ ಕಾರ್ಖಾನೆ, ಹಂಗರಿಯ ಪೇಚ್‌ನಲ್ಲಿ ಜೋಲ್ನೈ. ಇವರು ತಮ್ಮ ಹೆಸರಿನಲ್ಲೇ ಮಾರಿದವರು, ಮೋಸಗಾರರಲ್ಲ. ಆದರೆ ಸಾಚಾ ಲಸ್ಟರ್ ಮಾಡಬಲ್ಲ ಕೈಗಳು ಯುರೋಪಿನಲ್ಲಿ ಮತ್ತೆ ಇದ್ದವು ಎಂಬ ಸಂಗತಿ ಮುಖ್ಯ. ಹೊಳಪು ನಿಜವಾದ ಲಸ್ಟರ್ ಎಂದ ಮಾತ್ರಕ್ಕೆ ಪಾತ್ರೆ 15ನೇ ಶತಮಾನದ್ದೆಂದು ಹೇಳಲು ಆ ಕಾಲದ ನಂತರ ಬರುವುದಿಲ್ಲ. ದಾನಿ ಈ ಹರಿವಾಣವನ್ನು ಕೊಂಡದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ ಎಂದು ಹಿಂಬದಿಗೆ ಅಂಟಿಸಿದ್ದ ವ್ಯಾಪಾರಿಯ ಚೀಟಿ ಹೇಳುತ್ತಿತ್ತು. ಅದಕ್ಕಿಂತ ಹಿಂದಿನ ದಾಖಲೆ ಒಂದೂ ಇರಲಿಲ್ಲ.

ಮೊದಲ ಸುತ್ತು

ಸಂಗ್ರಹಾಲಯದ ಸಂರಕ್ಷಣಾ ತಜ್ಞೆ ಅತಿನೇರಳೆ ದೀಪದಿಂದ ಶುರುಮಾಡಿದರು. ಇದು ಅಗ್ಗದ, ಪಾತ್ರೆಗೆ ಏನೂ ಹಾನಿ ಮಾಡದ ವಿಧಾನ. ಹಳೆಯ ದುರಸ್ತಿಗಳು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಮಿನುಗಿ ತಮ್ಮನ್ನು ತಾವೇ ತೋರಿಸಿಕೊಡುತ್ತವೆ. ಇಲ್ಲಿ ಇಡೀ ಮುಂಭಾಗ ಒಂದೇ ಸಮನೆ ಕಿತ್ತಳೆಯಾಗಿ ಮಿನುಗಿತು. ಅದು ಅರಗಿನ ವಾರ್ನಿಶ್‌ನ ಗುರುತು. ಯಾರೋ ಹಿಂದೆ ಹೊಳಪು ಹೆಚ್ಚಿಸಲು ಪೂರ್ತಿ ಬಳಿದಿದ್ದಾರೆ ಎಂದು ವರದಿಯಲ್ಲಿ ಬರೆದುಕೊಂಡು ಮುಂದಕ್ಕೆ ಹೋದರು. ಸಮನಾದ ವಾರ್ನಿಶ್ ತನ್ನ ಕೆಳಗಿರುವುದನ್ನು ಮರೆಮಾಡುತ್ತದೆ ಎಂಬ ಸಾಧ್ಯತೆ ಅದೇ ವರದಿಯ ಅಡಿಟಿಪ್ಪಣಿಯಲ್ಲಿತ್ತು. ಅದನ್ನು ಆಗ ಯಾರೂ ಹಿಂಬಾಲಿಸಲಿಲ್ಲ.

ಮುಂದಿನದು ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರ; ಪ್ರತಿ ಧಾತುವೂ ಹೊರಸೂಸುವ ತನ್ನದೇ ಎಕ್ಸ್-ಕಿರಣದಿಂದ ಅದು ಆ ಧಾತುವನ್ನು ಗುರುತಿಸುತ್ತದೆ. ಅಂಚಿನ ನೀಲಿ, ನಡುವಿನ ನೀಲಿ, ನಡುವಿನ ಹೊಳಪು ಎಂದು ಕಣ್ಣಿಗೆ ಚೆನ್ನಾಗಿ ಕಂಡ ಮೂರು ಜಾಗಗಳನ್ನು ಆರಿಸಿಕೊಂಡರು. ಎರಡೂ ನೀಲಿಗಳಲ್ಲಿ ಆರ್ಸೆನಿಕ್ ಇದೆ ಎಂದು ಯಂತ್ರದ ಪರದೆ ತೋರಿಸಿತು. ಇದು ಸಣ್ಣ ಸುದ್ದಿಯಲ್ಲ. ಯುರೋಪಿನ ಮೆರುಗು ಮತ್ತು ಗಾಜುಗಳಲ್ಲಿ ಕೋಬಾಲ್ಟಿನ ಜೊತೆಗೆ ಆರ್ಸೆನಿಕ್ ಕಾಣಿಸಿಕೊಳ್ಳುವುದು 16ನೇ ಶತಮಾನದ ಮೊದಲ ದಶಕಗಳಿಂದೀಚೆಗೆ. ಅದು ಅದಿರಿನಲ್ಲಿ ಮತ್ತು ಅದಿರನ್ನು ಹದಗೊಳಿಸುವ ಬಗೆಯಲ್ಲಿ ಆದ ಬದಲಾವಣೆಯ ಫಲ. 15ನೇ ಶತಮಾನದ ಹರಿವಾಣದಲ್ಲಿ ಅದು ಇರಬಾರದು.

ಗುಮಾನಿ ಹೀಗೆ ಬಲಿತ ಮೇಲೆ ಥರ್ಮೊಲ್ಯೂಮಿನೆಸೆನ್ಸ್ ಕಾಲನಿರ್ಣಯಕ್ಕೆ ನಿರ್ಧಾರವಾಯಿತು. ಮಣ್ಣಿನಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್‌ಗಳಂಥ ಹರಳುಗಳು ಸುತ್ತಲಿನ ನೈಸರ್ಗಿಕ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯ ಶಾಖಕ್ಕೆ ಆ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಈಗ ಮತ್ತೆ ಬಿಸಿಮಾಡಿದಾಗ ಹೊರಬೀಳುವ ಬೆಳಕನ್ನು ಅಳೆದರೆ ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಸಾಚಾತನದ ಪರೀಕ್ಷೆಯಾಗಿ ನಡೆಸುವಾಗ ಇದರ ಅನಿಶ್ಚಿತತೆ ಹೆಚ್ಚು, ಶೇ. 20 ಅಥವಾ ಅದಕ್ಕೂ ಮೀರಿ. 1430 ಮತ್ತು 1480ರ ನಡುವೆ ವ್ಯತ್ಯಾಸ ಹೇಳಲು ಅದಕ್ಕಾಗದು. ನೂರೈವತ್ತು ವರ್ಷಕ್ಕೂ ಐನೂರೈವತ್ತು ವರ್ಷಕ್ಕೂ ಇರುವ ವ್ಯತ್ಯಾಸವನ್ನು ಖಂಡಿತ ಹೇಳಬಲ್ಲದು. ಇಲ್ಲಿ ಬೇಕಾಗಿದ್ದದ್ದು ಅಷ್ಟೇ.

ಮಾದರಿಯನ್ನು ಎಲ್ಲಿಂದ ತೆಗೆಯಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಒದಗಿದಂತಿತ್ತು. ಮಣ್ಣಿನ ಪುಡಿ ಬರುವಂತೆ ಸಣ್ಣ ತೂತು ಕೊರೆಯಬೇಕು. ಹಿಂಬದಿಯ ನಟ್ಟನಡುವೆ ಮಣ್ಣು ದಪ್ಪವಾಗಿರುತ್ತದೆ, ನೋಡುಗರಿಗೆ ಕಾಣುವುದಿಲ್ಲ, ಮೆರುಗೂ ಅಲ್ಲಿ ಸವೆದಿತ್ತು. ಪಾತ್ರೆಯನ್ನು ಪ್ರೀತಿಸುವ ಯಾವ ಸಂರಕ್ಷಕರಾದರೂ ಆ ಜಾಗವನ್ನೇ ತೋರಿಸುತ್ತಾರೆ. ಪ್ರಯೋಗಾಲಯದ ಉತ್ತರ ಬಂತು: ಕೊನೆಯ ಸಲ ಸುಟ್ಟದ್ದು ಇನ್ನೂರು ವರ್ಷಗಳಿಗಿಂತ ಈಚೆಗೆ.

ತಿರುವು

ಮುಂದಿನ ಸಭೆಯಲ್ಲಿ ನಿರ್ದೇಶಕರ ಮುಂದಿದ್ದ ಪ್ರಸ್ತಾವ ಸರಳವಾಗಿತ್ತು: ಹರಿವಾಣವನ್ನು 19ನೇ ಶತಮಾನದ ಅನುಕರಣೆ ಎಂದು ದಾಖಲಿಸಿ, ಎರವಲನ್ನು ನಿರಾಕರಿಸಿ, ಉಗ್ರಾಣಕ್ಕೆ ಸಾಗಿಸುವುದು. ಶೈಲಿಯ ಆಕ್ಷೇಪ, ಆರ್ಸೆನಿಕ್ ಮತ್ತು ಕಾಲನಿರ್ಣಯ ಮೂರೂ ಒಂದೇ ದಿಕ್ಕಿಗೆ ಬೆರಳು ಮಾಡುತ್ತಿದ್ದಾಗ ಅದಕ್ಕೆ ಎದುರು ಹೇಳುವುದು ಸುಲಭವಲ್ಲ. ಆದರೂ ಸಂರಕ್ಷಣಾ ತಜ್ಞೆ ಸಹಿ ಹಾಕಲು ಒಪ್ಪಲಿಲ್ಲ. ಅವರು ಮುಂದಿಟ್ಟದ್ದು ಅಂಚಿನ ಆ ಎರಡು ತೂತುಗಳನ್ನು. ಅವು ಸುಟ್ಟ ಮೇಲೆ ಕೊರೆದ ತೂತುಗಳಲ್ಲ. ಹಸಿಮಣ್ಣಿನಲ್ಲೇ ಚುಚ್ಚಿದವು, ಒಳಗೋಡೆಗೂ ಮೆರುಗು ಹರಿದಿತ್ತು, ಮತ್ತು ದಾರ ಎಳೆಯುವ ಮೇಲಂಚಿನಲ್ಲಿ ಮಾತ್ರ ಆ ಮೆರುಗು ಸವೆದು ನಯವಾಗಿತ್ತು. ತೂತು ಚುಚ್ಚುವ ವಾಡಿಕೆ ಮಾನಿಸೆಸ್‌ನದೇ, ಅದನ್ನು ಅನುಕರಿಸುವವನೂ ಚುಚ್ಚಬಲ್ಲ. ಆದರೆ ನಕಲು ಮಾಡುವವನು ಸವೆತವನ್ನು ತೋರಿಸಬೇಕೆಂದರೆ ಕಣ್ಣಿಗೆ ಬೀಳುವ ಜಾಗದಲ್ಲಿ ತೋರಿಸುತ್ತಾನೆ, ತೂತಿನ ಒಳಮೈಯಲ್ಲಿ ಅಲ್ಲ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಅವಲೋಕನ ಇದೇ, ಮತ್ತು ಅದಕ್ಕೆ ಭೂತಗನ್ನಡಿಯ ಹೊರತು ಯಾವ ಯಂತ್ರವೂ ಬೇಕಾಗಿರಲಿಲ್ಲ.

ಸಭೆಯಲ್ಲಿದ್ದ ಇನ್ನೊಬ್ಬರು ಈ ವಿರೋಧಾಭಾಸಕ್ಕೆ ಬೇರೊಂದು ವಿವರಣೆ ಕೊಟ್ಟರು. ಪಾತ್ರೆ ಹಳೆಯದೇ ಇರಬಹುದು. ಮಾಸಿಹೋದ ಹೊಳಪನ್ನು ಹೊಸದಾಗಿ ಬರೆಸಿ 19ನೇ ಶತಮಾನದಲ್ಲಿ ಮತ್ತೊಮ್ಮೆ ಸುಟ್ಟಿರಬಹುದು. ಲಸ್ಟರ್ ಸುಡುವ ಶಾಖ ಹರಳುಗಳ ಲೆಕ್ಕವನ್ನು ಅಳಿಸಲು ಸಾಕು, ಆದ್ದರಿಂದ ಹಳೆಯ ಪಾತ್ರೆಯೂ ಹೊಸದೆಂದು ಕಾಣುತ್ತದೆ. ಇದು ಜಾಣ ಊಹೆ, ಜೊತೆಗೆ ಪರೀಕ್ಷೆಗೆ ಒಡ್ಡಬಹುದಾದ ಊಹೆ: ಪಾತ್ರೆಯನ್ನು ಇಡಿಯಾಗಿ ಮತ್ತೆ ಸುಟ್ಟಿದ್ದರೆ ಅಂಚಿನ ಮಣ್ಣೂ ನಡುವಿನಷ್ಟೇ ಹೊಸದೆಂದು ತೋರಬೇಕು.

ನಿರ್ದೇಶಕರು ತೀರ್ಮಾನವನ್ನು ಮುಂದೂಡಿದರು. ಆಗ ಮೊದಲು ನಡೆದದ್ದು ಹೊಸ ಪರೀಕ್ಷೆಯಲ್ಲ, ಹಳೆಯ ಫಲಿತಾಂಶದ ಮರುಪರಿಶೀಲನೆ. ಆರ್ಸೆನಿಕ್‌ನ ಮುಖ್ಯ ಎಕ್ಸ್-ಕಿರಣ ರೇಖೆ 10.54 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ, ಸೀಸದ್ದು 10.55ರಲ್ಲಿ. ಕೈಯಂತ್ರ ಇವೆರಡನ್ನು ಬೇರ್ಪಡಿಸಲಾರದು. ಅದರ ಗಣಕ ಅಂದಾಜಿನ ಮೇಲೆ ಹಂಚುತ್ತದೆ. ಇಲ್ಲಿನ ಮೆರುಗಿನಲ್ಲಿ ಸೀಸವೇ ಪ್ರಧಾನ. ಹಾಗಾದರೆ ಕೋಬಾಲ್ಟ್ ಸೋಕದ ಬರೀ ಬಿಳಿ ಮೆರುಗಿನಲ್ಲಿ ಯಂತ್ರ ಏನು ತೋರಿಸುತ್ತದೆ ಎಂದು ನೋಡಿದರು. ಅಲ್ಲಿಯೂ ಅಷ್ಟೇ ‘ಆರ್ಸೆನಿಕ್’ ಇತ್ತು. ಸೀಸದ ಅಡ್ಡಿಯಿಲ್ಲದ ಆರ್ಸೆನಿಕ್‌ನ ಇನ್ನೊಂದು ರೇಖೆ 11.7ರ ಸುಮಾರಿನಲ್ಲಿ ಬರುತ್ತದೆ. ಅಂಚಿನ ನೀಲಿಯಲ್ಲಿ ಅದರ ಸುಳಿವೂ ಇರಲಿಲ್ಲ. ಹೀಗೆ ಗುಮಾನಿಯ ಮೂರು ಕಾಲುಗಳಲ್ಲಿ ಒಂದು ಬಿದ್ದುಹೋಯಿತು. ನೀಲಿಯನ್ನು ಅಳೆಯುವ ಮೊದಲೇ ಬಿಳಿಯನ್ನು ಅಳೆದಿದ್ದರೆ ಆ ಕಾಲು ಹುಟ್ಟುತ್ತಲೇ ಇರಲಿಲ್ಲ. ಸೀಸದ ಮೆರುಗಿರುವ ಪಾತ್ರೆಗಳಲ್ಲಿ ಆರ್ಸೆನಿಕ್ ಸಿಕ್ಕಿತೆಂಬ ಯಾವ ವರದಿಯನ್ನು ಓದುವಾಗಲೂ ಈ ಹೋಲಿಕೆಯ ಅಳತೆ ಇದೆಯೇ ಎಂದು ಹುಡುಕುವುದು ಒಳ್ಳೆಯದು.

ಅದೇ ಯಂತ್ರವನ್ನು ಈ ಸಲ ಬೇರೆ ರೀತಿಯಲ್ಲಿ ಬಳಸಿದರು. ಕಣ್ಣು ಆರಿಸಿದ ಜಾಗಗಳನ್ನು ಬಿಟ್ಟು, ನಡುವಿನಿಂದ ಅಂಚಿನವರೆಗೆ ನೇರವಾದ ಒಂದು ಗೆರೆ ಎಳೆದಂತೆ, ಸೆಂಟಿಮೀಟರಿಗೊಂದರಂತೆ ಅಳೆಯುತ್ತ ಹೋದರು. ಅಂಚಿನ ಹೊಳಪಿನಲ್ಲಿ ತಾಮ್ರವೂ ಬೆಳ್ಳಿಯೂ ಇದ್ದವು. ನಡುವಿನ ಹೊಳಪಿನಲ್ಲಿ ತಾಮ್ರವೇ ಹೆಚ್ಚು, ಬೆಳ್ಳಿ ಅತ್ಯಲ್ಪ. ಇವೆರಡರ ಮಧ್ಯೆ, ಗುರಾಣಿಯ ಹೊರಗಿನ ಕಿರಿದಾದ ಪಟ್ಟಿಯೊಂದರಲ್ಲಿ, ಬೆಳ್ಳಿ ಇಲ್ಲವೇ ಇಲ್ಲ. ತಾಮ್ರದ ಜೊತೆಗೆ ಸತು ಧಾರಾಳವಾಗಿತ್ತು. ತಾಮ್ರ ಮತ್ತು ಸತು ಒಟ್ಟಿಗೆ ಇದ್ದರೆ ಹಿತ್ತಾಳೆ. ಅಲ್ಲಿ ಕಾಣುತ್ತಿದ್ದ ಹೊಂಬಣ್ಣ ಆವಿಗೆಯಿಂದ ಬಂದದ್ದಾಗಿರದೆ, ವಾರ್ನಿಶ್‌ನಲ್ಲಿ ಕಲಸಿ ಕುಂಚದಿಂದ ಬಳಿದ ಹಿತ್ತಾಳೆ ಪುಡಿಯಾಗಿತ್ತು. ಬೇರೆ ದಿಕ್ಕುಗಳಲ್ಲಿ ಅದೇ ರೀತಿ ಅಳೆದಾಗ ಸತುವಿನ ಪಟ್ಟಿ ಒಂದು ಪೂರ್ಣ ಉಂಗುರವಾಯಿತು.

ಉಂಗುರದ ಕೆಳಗೇನಿದೆ ಎಂದು ನೋಡಲು ಎಕ್ಸ್-ಕಿರಣದ ಚಿತ್ರವೇ ಹತ್ತಿರದ ದಾರಿ, ಮತ್ತು ಊರಿನಲ್ಲೇ ಅದಕ್ಕೆ ಅನುಕೂಲವಿತ್ತು. ಆದರೂ ತಜ್ಞೆ ತಡೆದರು. ಎಕ್ಸ್-ಕಿರಣ ಹಾಯಿಸಿದರೆ ಮಣ್ಣಿನ ಹರಳುಗಳಿಗೆ ಕೃತಕವಾದ ವಿಕಿರಣ ಸೇರಿ, ಆಮೇಲೆ ತೆಗೆದ ಮಾದರಿ ಇದ್ದುದಕ್ಕಿಂತ ಹಳೆಯದಾಗಿ ಕಾಣುವ ಅಪಾಯವಿದೆ. ಮೊದಲು ಅಂಚಿನಿಂದ ಎರಡನೆಯ ಮಾದರಿ ತೆಗೆಯಲಿ, ಆಮೇಲೆ ಚಿತ್ರ ತೆಗೆಯೋಣ ಎಂದು ಅವರು ಪಟ್ಟು ಹಿಡಿದರು. ಕಾಣುವ ಜಾಗದ ಹತ್ತಿರ ಇನ್ನೊಂದು ತೂತು ಕೊರೆಯಲು ಅನುಮತಿ ಸಿಗುವುದು ತಡವಾಯಿತು, ಎರವಲು ಕೇಳಿದವರು ಆತುರಪಡಿಸಿದರು, ಆದರೂ ಈ ಕ್ರಮವನ್ನು ಮುರಿಯಲಿಲ್ಲ. ಮುರಿದಿದ್ದರೆ ಅಂಚು ಹಳೆಯದೆಂದು ಬರುವ ಯಾವ ಫಲಿತಾಂಶವನ್ನೂ ‘ಅದು ಎಕ್ಸ್-ಕಿರಣದ ಪ್ರಭಾವ’ ಎಂದು ಮುಂದೊಂದು ದಿನ ಯಾರು ಬೇಕಾದರೂ ತಳ್ಳಿಹಾಕಬಹುದಾಗಿತ್ತು.

ತೆರೆದುಕೊಂಡದ್ದು

ಎಕ್ಸ್-ಕಿರಣದ ಚಿತ್ರದಲ್ಲಿ ಹರಿವಾಣ ಎರಡು ತುಂಡಾಗಿ ಕಂಡಿತು. ಹೊರಭಾಗದಲ್ಲಿ ತಿಗರಿಯ ಮೇಲೆ ಮಣ್ಣು ಎತ್ತಿದಾಗ ಮೂಡುವ ಸುರುಳಿಯಾಕಾರದ ಗಾಳಿಗುಳ್ಳೆಗಳಿದ್ದವು. ನಡುವಿನಲ್ಲಿ ಅವು ತಟ್ಟನೆ ನಿಂತು, ಅಚ್ಚಿನಲ್ಲಿ ಒತ್ತಿದಂಥ, ಯಾವ ಸುರುಳಿಯೂ ಇಲ್ಲದ ಬಿಲ್ಲೆಯೊಂದು ಕುಳಿತಿತ್ತು. ಎರಡರ ನಡುವಣ ಸಂದು ಗಾರೆಯಿಂದ ತುಂಬಿತ್ತು. ಕೆಲವು ವಾರಗಳ ಬಳಿಕ ಬಂದ ಅಂಚಿನ ಕಾಲನಿರ್ಣಯ ಐನೂರು ವರ್ಷಗಳ ಆಸುಪಾಸು ಎಂದಿತು, ಎರಡೂ ಕಡೆಗೆ ನೂರು ವರ್ಷದಷ್ಟು ಅನಿಶ್ಚಿತತೆಯೊಂದಿಗೆ. ಮತ್ತೆ ಸುಟ್ಟಿರಬಹುದೆಂಬ ಊಹೆ ಅಲ್ಲಿಗೆ ಕೊನೆಗೊಂಡಿತು. ನಡೆದದ್ದು ಹೀಗಿರಬೇಕು: ನಡುಭಾಗ ಒಡೆದು ಕಳೆದುಹೋಗಿದ್ದ ಸಾಚಾ ಮಾನಿಸೆಸ್ ಹರಿವಾಣವೊಂದರ ಮುರುಕು ಅಂಚನ್ನು ದುಂಡಗೆ ಕತ್ತರಿಸಿ, ಲಸ್ಟರ್ ಬಲ್ಲ ಯಾವುದೋ ಆವಿಗೆಯಲ್ಲಿ ಲಾಂಛನದ ಬಿಲ್ಲೆಯೊಂದನ್ನು ಹೊಸದಾಗಿ ಮಾಡಿಸಿ ಕೂರಿಸಿ, ಬೆಸುಗೆಯನ್ನು ಸತುವಿನ ಬಿಳಿ ಮತ್ತು ಹಿತ್ತಾಳೆ ಪುಡಿಯಿಂದ ಮುಚ್ಚಿ, ಕೊನೆಗೆ ಇಡೀ ಮುಖಕ್ಕೆ ಅರಗಿನ ವಾರ್ನಿಶ್ ಬಳಿದಿದ್ದಾರೆ. ಆ ಕೊನೆಯ ಬಳಿತವೇ ಅತಿನೇರಳೆ ದೀಪವನ್ನು ಸೋಲಿಸಿದ್ದು.

ಮೊದಲ ಕಾಲನಿರ್ಣಯ ಸರಿಯಾಗಿಯೇ ಇತ್ತು ಎಂಬುದನ್ನು ಒತ್ತಿ ಹೇಳಬೇಕು. ಪ್ರಯೋಗಾಲಯ ತನಗೆ ಕಳಿಸಿದ ಮಣ್ಣಿನ ವಯಸ್ಸನ್ನು ನಿಖರವಾಗಿಯೇ ಹೇಳಿತ್ತು. ಆ ಮಣ್ಣು ಹರಿವಾಣದ್ದೆಂದು ಭಾವಿಸಿದ್ದು ಸಂಗ್ರಹಾಲಯ. ಪಾತ್ರೆಗೆ ಕಡಿಮೆ ನೋವಾಗುವ ಜಾಗವೂ ಪಾತ್ರೆಯನ್ನು ಪ್ರತಿನಿಧಿಸುವ ಜಾಗವೂ ಒಂದೇ ಆಗಿರಬೇಕಿಲ್ಲ, ಮತ್ತು ಲಾಂಛನವಿರುವ ಹರಿವಾಣಗಳಲ್ಲಿ ಮಾರುಕಟ್ಟೆಯ ಕೈ ಮೊದಲು ಬೀಳುವುದೇ ನಡುವಿನ ಮೇಲೆ. ಹೀಗಾಗಿ ಇಂಥ ಪಾತ್ರೆಗಳಿಗೆ ಒಂದೇ ಮಾದರಿ ಸಾಲದು. ಒಂದನ್ನೇ ತೆಗೆಯಲು ಅವಕಾಶವಿದ್ದರೆ ಅದು ಅಂಚಿನದಾಗಿರಲಿ ಎನ್ನುವುದು ಈ ಪ್ರಕರಣದ ನಂತರ ಅಲ್ಲಿನವರು ಅನುಸರಿಸುತ್ತಿರುವ ಕ್ರಮ. ಪರೀಕ್ಷೆಗೆ ಕಳಿಸುವ ಅರ್ಜಿಯಲ್ಲಿ ಈಗ ಮಾದರಿಯ ಜಾಗವನ್ನು ಏಕೆ ಆರಿಸಿಕೊಂಡಿರಿ ಎಂದು ಕೇಳುವ ಒಂದು ಸಾಲೂ ಸೇರಿದೆ.

ಬಿಚ್ಚಬೇಕೇ, ಬಿಡಬೇಕೇ

ಇನ್ನು ಬಿಲ್ಲೆಯನ್ನು ಏನು ಮಾಡುವುದು ಎಂಬ ಚರ್ಚೆ ಪರೀಕ್ಷೆಗಳಿಗಿಂತ ಹೆಚ್ಚು ಕಾಲ ನಡೆಯಿತು. ಬಿಲ್ಲೆಯನ್ನು ತೆಗೆದು ನಡುವನ್ನು ಬರಿಯ ಬಿಳಿ ಗಾರೆಯಿಂದ ತುಂಬಿದರೆ ಪ್ರಾಮಾಣಿಕವಾಗಿರುತ್ತದೆ ಎಂದು ಒಂದು ಪಕ್ಷ. ಮೋಸವೂ ಪಾತ್ರೆಯ ಚರಿತ್ರೆಯ ಭಾಗ, 19ನೇ ಶತಮಾನದ ಸಂಗ್ರಾಹಕರ ಆಸೆ ಏನೆಂದು ತೋರಿಸುವ ಸಾಕ್ಷ್ಯ, ಆದ್ದರಿಂದ ಮುಟ್ಟಬಾರದು ಎಂದು ಇನ್ನೊಂದು ಪಕ್ಷ. ತೀರ್ಮಾನ ಬಂದದ್ದು ತತ್ತ್ವಕ್ಕಿಂತ ಹೆಚ್ಚಾಗಿ ಮಣ್ಣಿನ ಗುಣದಿಂದ. ಬಿಲ್ಲೆಯನ್ನು ಹಿಡಿದಿದ್ದದ್ದು ಪ್ರಾಣಿಜನ್ಯ ಅಂಟು ಮತ್ತು ಗಾರೆ; ಅವನ್ನು ಸಡಿಲಿಸಲು ಬಹಳ ಹೊತ್ತು ತೇವ ಕೊಡಬೇಕು. ರಂಧ್ರಮಯವಾದ ಮಣ್ಣು ಆ ನೀರನ್ನು ಹೀರಿದರೆ ಒಳಗಿರುವ ಲವಣಗಳು ಕರಗಿ, ಒಣಗುವಾಗ ಮೆರುಗಿನ ಕೆಳಗೆ ಹರಳುಗಟ್ಟಿ ಅದನ್ನು ಎಬ್ಬಿಸಬಲ್ಲವು. ಮೈಕ್ರಾನಿಗಿಂತ ತೆಳುವಾದ ಹೊಳಪಿಗೆ ಆ ಅಪಾಯವನ್ನು ಒಡ್ಡಲು ಯಾರೂ ಮುಂದಾಗಲಿಲ್ಲ. ಬಿಲ್ಲೆ ಉಳಿಯಿತು, ಮೇಲುಬಣ್ಣ ಹೋಯಿತು. ಅರಗು ಆಲ್ಕೊಹಾಲ್‌ನಲ್ಲಿ ಕರಗುವುದರಿಂದ ಹತ್ತಿಯ ಸುರುಳಿಗಳಿಂದ ಸ್ವಲ್ಪಸ್ವಲ್ಪವಾಗಿ ವಾರ್ನಿಶ್ ಮತ್ತು ಹಿತ್ತಾಳೆಯನ್ನು ತೆಗೆದರು. ಲೋಹದ ಉಪಕರಣ ಯಾವುದನ್ನೂ ಬಳಸಲಿಲ್ಲ. ಗಾರೆಯ ಉಂಗುರಕ್ಕೆ ಮೆರುಗಿಗಿಂತ ತುಸು ಮಂದವಾದ ಬಿಳಿ ಕೊಟ್ಟು, ಹತ್ತಿರದಿಂದ ನೋಡುವವರಿಗೆ ಸಂದು ತಿಳಿಯುವಂತೆ ಬಿಟ್ಟರು.

ಈ ಶುಚಿಕಾರ್ಯದಲ್ಲಿ ಯಾರೂ ನಿರೀಕ್ಷಿಸದ ಸಂಗತಿಯೊಂದು ಸಿಕ್ಕಿತು. ಮೇಲುಬಣ್ಣ ಸಂದನ್ನು ದಾಟಿ ಹಳೆಯ ಮೆರುಗಿನ ಮೇಲೂ ಎರಡು ಬೆರಳಿನಷ್ಟು ಹರಡಿಕೊಂಡಿತ್ತು. ಅದರ ಕೆಳಗೆ ಮೂಲ ಚಿತ್ರದ ನೀಲಿ ತೊಟ್ಟುಗಳೂ ಅರ್ಧ ಎಲೆಗಳೂ ಇದ್ದವು. ಅವು ಕತ್ತರಿಸಿದ ಅಂಚಿನವರೆಗೂ ತಡೆಯಿಲ್ಲದೆ ನಡುವಿನತ್ತ ಹರಿಯುತ್ತಿದ್ದವು. ಗುರಾಣಿಯ ಚೌಕಟ್ಟಾಗಲಿ ಅದಕ್ಕೆ ಜಾಗ ಬಿಟ್ಟ ವೃತ್ತವಾಗಲಿ ಅಲ್ಲಿ ಇರಲಿಲ್ಲ. ಅಂದರೆ ಒಡೆದುಹೋದ ಲಾಂಛನವೊಂದನ್ನು ನೆನಪಿನಿಂದ ಮತ್ತೆ ಮಾಡಿಸಿದ್ದಲ್ಲ. ಈ ಹರಿವಾಣಕ್ಕೆ ಈಗಿರುವಂಥ ಲಾಂಛನ ಮೊದಲಿನಿಂದಲೂ ಇರಲಿಲ್ಲವೆಂದೇ ತೋರುತ್ತದೆ. ವ್ಯಾಪಾರಿಗೆ ಬೇಕಾಗಿದ್ದದ್ದು ದುರಸ್ತಿಗಿಂತ ಹೆಚ್ಚಿನದು.

ಇದರ ಪರಿಣಾಮ ಆ ಊರಿನ ಆಚೆಗೂ ತಲುಪಿತು. ದಾಖಲೆಪುಸ್ತಕದ ಆ ಒಂದು ಸಾಲನ್ನು ನಂಬಿ, ಸಂಬಂಧಪಟ್ಟ ಮನೆತನ ವೆಲೆನ್ಸಿಯಾದಿಂದ ಪಾತ್ರೆ ತರಿಸಿಕೊಳ್ಳುತ್ತಿತ್ತು ಎನ್ನುವುದಕ್ಕೆ ಈ ಹರಿವಾಣವನ್ನು ಸಾಕ್ಷಿಯಾಗಿ ಎರಡು ಕಡೆ ಉಲ್ಲೇಖಿಸಲಾಗಿತ್ತು. ಸಂಗ್ರಹಾಲಯ ಅವರಿಗೆ ತಿದ್ದುಪಡಿ ಬರೆದು ಕಳಿಸಿತು. ಲಾಂಛನದ ಆಧಾರದ ಮೇಲೆ ವ್ಯಾಪಾರಸಂಬಂಧಗಳನ್ನು ಕಟ್ಟುವ ಬರಹಗಳಲ್ಲಿ ಬಿಲ್ಲೆಯ ಸುತ್ತ ಸಂದು ಇದೆಯೇ ಎಂದು ನೋಡಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಇದರಿಂದ ಏಳುತ್ತದೆ. ಅದು ಕುಂಬಾರಿಕೆಯ ಚರಿತ್ರೆಯಷ್ಟೇ ಅಲ್ಲ, ಆ ಕಾಲದ ವಾಣಿಜ್ಯದ ಚರಿತ್ರೆಗೂ ಸೇರಿದ ಪ್ರಶ್ನೆ.

ಎರವಲು ಕೇಳಿದ ಸಂಸ್ಥೆ ಕೊನೆಗೆ ಹರಿವಾಣವನ್ನು ತೆಗೆದುಕೊಂಡು ಹೋಯಿತು, ಆದರೆ ಬೇರೆ ವಿಭಾಗಕ್ಕೆ. ಮೊದಲು ಇಟಲಿಯೊಂದಿಗಿನ ವ್ಯಾಪಾರದ ಕೋಣೆಯಲ್ಲಿ ಇಡಬೇಕೆಂದಿದ್ದವರು ಈಗ ಅದನ್ನು ಸಂಗ್ರಾಹಕರ ಕಾಲದ ಕೋಣೆಯಲ್ಲಿ, ಹಿಂಬದಿಯೂ ಕಾಣುವಂತೆ, ಎಕ್ಸ್-ಕಿರಣದ ಚಿತ್ರದ ಜೊತೆಗೆ ಇಟ್ಟರು. ವಿಮೆಯ ಮೊತ್ತ ತಗ್ಗಿತು. ಹೆಸರಿನ ಚೀಟಿಯಲ್ಲಿ ಎರಡು ಕಾಲಗಳನ್ನು ಬೇರೆಬೇರೆಯಾಗಿ ನಮೂದಿಸಲಾಗಿದೆ: ಅಂಚು ಮಾನಿಸೆಸ್, 15ನೇ ಶತಮಾನ, ನಡು ಯುರೋಪ್, 19ನೇ ಶತಮಾನ ಅಥವಾ 20ನೆಯದರ ಆರಂಭ. ಬಿಲ್ಲೆಯನ್ನು ಮಾಡಿದ ಆವಿಗೆ ಯಾವುದೆಂದು ಹುಡುಕಲು ಇನ್ನೊಂದು ಮಾದರಿ ತೆಗೆಯುವ ಸಲಹೆ ಬಂದಿತ್ತು. ಸಂರಕ್ಷಣಾ ತಜ್ಞೆ ಅದಕ್ಕೆ ಒಪ್ಪಲಿಲ್ಲ, ಏಕೆಂದರೆ ಆ ಉತ್ತರದ ಮೇಲೆ ಸಂಗ್ರಹಾಲಯದ ಯಾವ ನಿರ್ಧಾರವೂ ನಿಂತಿಲ್ಲ. ಅದರ ಬದಲು, ಅದೇ ವ್ಯಾಪಾರಿಯ ಚೀಟಿ ಅಂಟಿಸಿದ, ಅದೇ ಉಯಿಲಿನಲ್ಲಿ ಬಂದ ಇನ್ನೆರಡು ಲಾಂಛನದ ಹರಿವಾಣಗಳನ್ನು ಅವರು ಉಗ್ರಾಣದಿಂದ ಹೊರತೆಗೆಸಿ, ನಡುವಿನಿಂದ ಅಂಚಿನವರೆಗೆ ಅಳೆಯಲು ಶುರುಮಾಡಿದ್ದಾರೆ.